ಕಾಂಪುಂಗ್ ಅಡ್ಮಿರಾಲ್ಟಿ ರಿವ್ಯೂ: ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ವಯಸ್ಸಾದವರ ಮನೆ, ಕೆಳಗೆ ಊಟ, ನಡುವೆ ಡಾಕ್ಟ್ರು, ಮೇಲೆ ತೋಟ

ಸಿಂಗಾಪುರಕ್ಕೆ ಅಪ್ಪ ಅಮ್ಮನ್ನ ಕರ್ಕೊಂಡು ಬರೋರೆಲ್ಲ ಮರ್ಲಯನ್, ಗಾರ್ಡನ್ಸ್ ಬೈ ದ ಬೇ, ಸೆಂಟೋಸಾ ಅಂತ ಲಿಸ್ಟ್ ಹಾಕ್ಕೊಂಡೇ ಬರ್ತಾರೆ, ನೋಡ್ಲಿ, ಚೆನ್ನಾಗೇ ಇದೆ, ಆದ್ರೆ ಒಂದು ಬೆಳಿಗ್ಗೆ ಬಿಡುವು ಮಾಡ್ಕೊಂಡು ವುಡ್‌ಲ್ಯಾಂಡ್ಸ್ ಕಡೆ ಬನ್ನಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅಲ್ಲಿ ಅಡ್ಮಿರಾಲ್ಟಿ ಅಂತ ಒಂದು ಎಂಆರ್‌ಟಿ (ಇಲ್ಲಿನ ಮೆಟ್ರೋ) ಸ್ಟೇಷನ್ ಇದೆ, 1996ರಲ್ಲಿ ಈ ಲೈನು ಇಷೂನ್‌ನಿಂದ ಮುಂದಕ್ಕೆ ಬಂದಾಗ ಶುರುವಾದ ಸ್ಟೇಷನ್ನು, ಅದರಿಂದ ಇಳಿದು ಹೊರಗೆ ಬಂದ ತಕ್ಷಣ ಪಕ್ಕದಲ್ಲೇ ಗಿಡ ಬಳ್ಳಿ ತುಂಬಿಕೊಂಡಿರೋ ಒಂದು ದೊಡ್ಡ ಕಟ್ಟಡ ಕಾಣತ್ತೆ. ಅದೇ ಕಾಂಪುಂಗ್ ಅಡ್ಮಿರಾಲ್ಟಿ. ಟೂರಿಸ್ಟ್ ಜಾಗ ಅಲ್ಲ, ಟಿಕೆಟ್ ಇಲ್ಲ. ಇಲ್ಲಿನ ಸರ್ಕಾರದ ಹೌಸಿಂಗ್ ಬೋರ್ಡು, ಅಂದ್ರೆ ಎಚ್‌ಡಿಬಿ, ವಯಸ್ಸಾದವರಿಗೋಸ್ಕರ ಕಟ್ಟಿರೋ ಮನೆಗಳು, ಅದರ ಜೊತೆಗೇ ಹಾಕರ್ ಸೆಂಟರು, ಮೆಡಿಕಲ್ ಸೆಂಟರು, ಮಕ್ಕಳ ಚೈಲ್ಡ್ ಕೇರು, ಸೂಪರ್ ಮಾರ್ಕೆಟ್ಟು, ಮೇಲೆ ತೋಟ, ಎಲ್ಲ ಒಂದೇ ಕಟ್ಟಡದಲ್ಲಿ.

ನಾನು ಈ ಕಡೆನೇ ವಾಸ ಇರೋದ್ರಿಂದ ತರಕಾರಿಗೆ, ಕಾಫಿಗೆ, ಸುಮ್ಮನೆ ಕೂರೋಕೆ ಅಂತ ಹೋಗ್ತಾನೇ ಇರ್ತೀನಿ, ಅಮ್ಮ ಬೆಂಗಳೂರಿಂದ ಬಂದಾಗ ಅವಳಿಗೆ ಇದೇ ಫೇವರಿಟ್ ಜಾಗ ಆಗ್ಬಿಟ್ಟಿದೆ. ಹಾಗಾಗಿ ಆರ್ಕಿಟೆಕ್ಚರ್ ಮ್ಯಾಗಝೀನ್‌ಗಳಲ್ಲಿ ಬರೋ ಫೋಟೋ ನೋಡಿ ಬರೆಯೋ ರಿವ್ಯೂ ಅಲ್ಲ ಇದು, ಮಂಡಿ ನೋವಿರೋ ಎಪ್ಪತ್ತು ದಾಟಿದ ಅಮ್ಮನ ಜೊತೆ ನಿಧಾನಕ್ಕೆ ಓಡಾಡಿ ನೋಡಿ ಬರೀತಿರೋದು. ಬೆಂಗಳೂರು ಮೈಸೂರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಬಂದು ರಾತ್ರಿ ಫೋನ್ ರಿಂಗಾದ್ರೆ ಎದೆ ಧಸಕ್ ಅನ್ನೋ ನನ್ನಂಥೋರು ತುಂಬ ಜನ ಇದೀವಿ, ಅವರಿಗೆ ಉಪಯೋಗ ಆಗ್ಲಿ ಅಂತ.

ಮೊದ್ಲು ಜಾಗದ ಬಗ್ಗೆ. ಇಡೀ ಸೈಟು 0.9 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು ಎರಡೂ ಕಾಲು ಎಕರೆ, ಅಷ್ಟೇ. ಎತ್ತರಕ್ಕೂ 45 ಮೀಟರ್ ಮಿತಿ ಇತ್ತು. ಇಷ್ಟರಲ್ಲಿ ಮನೆ ಬೇಕು, ಆಸ್ಪತ್ರೆ ಬೇಕು, ಊಟದ ಜಾಗ ಬೇಕು, ಪಾರ್ಕು ಬೇಕು ಅಂದ್ರೆ ಪಕ್ಕ ಪಕ್ಕ ಕಟ್ಟೋಕೆ ಆಗಲ್ಲ, ಅದಕ್ಕೆ ಡಿಸೈನ್ ಮಾಡಿದ ವೋಹಾ ಅನ್ನೋ ಸಿಂಗಾಪುರದ ಆರ್ಕಿಟೆಕ್ಟ್ ಸಂಸ್ಥೆಯವರು ಒಂದರ ಮೇಲೊಂದು ಇಟ್ಟಿದಾರೆ, ಅವರೇ ಇದನ್ನ ಕ್ಲಬ್ ಸ್ಯಾಂಡ್‌ವಿಚ್ ಅಂತ ಕರೀತಾರೆ: ತಳದಲ್ಲಿ ಎಲ್ಲರಿಗೂ ತೆರೆದಿರೋ ಅಂಗಳ, ನಡುವೆ ಮೆಡಿಕಲ್ ಸೆಂಟರ್, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತೋ ಪಾರ್ಕು, ಆ ಪಾರ್ಕಿನ ಅಂಚಲ್ಲಿ ಮನೆಗಳು. ಮನೆಗಳ ಎರಡು ಬ್ಲಾಕು, 11 ಮಹಡಿ, ಒಟ್ಟು 104 ಸ್ಟುಡಿಯೋ ಫ್ಲ್ಯಾಟು. 2014ರಲ್ಲಿ ಬುಕಿಂಗ್‌ಗೆ ಬಿಟ್ಟಿದ್ದು, 2017ರಲ್ಲಿ ಕಟ್ಟಿ ಮುಗೀತು, 2018ರಲ್ಲಿ ಆಗಿನ ಪ್ರಧಾನಿ ಲೀ ಶಿಯೆನ್ ಲೂಂಗ್ ಉದ್ಘಾಟನೆ ಮಾಡಿದ್ರು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ವರ್ಲ್ಡ್ ಆರ್ಕಿಟೆಕ್ಚರ್ ಫೆಸ್ಟಿವಲ್‌ನಲ್ಲಿ ವರ್ಷದ ಅತ್ಯುತ್ತಮ ಕಟ್ಟಡ ಅಂತ ಪ್ರಶಸ್ತಿನೂ ಬಂತು. ಸರ್ಕಾರಿ ವಸತಿಗೆ, ಅದೂ ಅಜ್ಜ ಅಜ್ಜಿಯರಿಗೆ ಅಂತ ಕಟ್ಟಿದ್ದಕ್ಕೆ ಅಂಥ ಪ್ರಶಸ್ತಿ ಬರೋದು ಅಪರೂಪ, ಓದಿದಾಗ ನನಗೆ ನಿಜವಾಗ್ಲೂ ಖುಷಿ ಆಗಿತ್ತು.

ಈಗ ಕೆಳಗಿನ ಅಂಗಳ. ಮೇಲಿರೋ ಮೆಡಿಕಲ್ ಸೆಂಟರೇ ಇದಕ್ಕೆ ಚಪ್ಪರ, ಅದರಿಂದ ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲೂ ನೆರಳು, ಜೋರು ಮಳೆ ಬಂದ್ರೂ ನೆನೆಯಲ್ಲ, ಸುತ್ತ ಗೋಡೆ ಇಲ್ಲದೆ ಬಿಟ್ಟಿರೋದ್ರಿಂದ ಗಾಳಿ ಆರಾಮಾಗಿ ಆಡತ್ತೆ, ಎಸಿ ಇಲ್ಲ, ಬೇಕಾಗೂ ಇಲ್ಲ. ಸ್ಟೇಷನ್‌ನಿಂದ ಇಲ್ಲಿ ತನಕ ನೆಲ ಒಂದೇ ಮಟ್ಟ, ಎಲ್ಲೂ ಒಂದು ಮೆಟ್ಟಿಲು ಹತ್ತಿ ಇಳಿಯೋ ಹಾಗಿಲ್ಲ, ನಡೆಯೋ ದಾರಿಗೆ ಸೂರಿದೆ. ಕೇಳೋಕೆ ಸಣ್ಣ ವಿಷಯ. ಆದ್ರೆ ಅಮ್ಮ ಬೆಂಗಳೂರಲ್ಲಿ ಮನೆಯಿಂದ ತರಕಾರಿ ಅಂಗಡಿಗೆ ಹೋಗೋಕೆ ಫುಟ್‌ಪಾತ್ ಹತ್ತಬೇಕು ಇಳೀಬೇಕು, ಪ್ರತಿ ಗೇಟ್ ಮುಂದೆ ಕಾರಿನ ರ್‍ಯಾಂಪು, ಕಲ್ಲು ಚಪ್ಪಡಿ ಅಲ್ಲಾಡತ್ತೆ, ಟ್ರಾನ್ಸ್‌ಫಾರ್ಮರ್ ಬಂದ್ರೆ ರೋಡಿಗೆ ಇಳೀಬೇಕು, ಹಾಗಾಗಿ ಎರಡು ವರ್ಷದಿಂದ ಹೋಗೋದನ್ನೇ ನಿಲ್ಲಿಸಿದಾಳೆ, ಫೋನಲ್ಲೇ ತರಿಸ್ಕೋತಾಳೆ, ಮಾತಾಡೋಕೆ ಸಿಗ್ತಿದ್ದ ಹೂವಿನೋಳೂ ಹೋದ್ಲು, ತರಕಾರಿಯೋನೂ ಹೋದ. ಇಲ್ಲಿ ಬಂದ ಮೊದಲ ವಾರದಲ್ಲೇ "ನೀನು ಆಫೀಸಿಗೆ ಹೋಗೇ, ನಾನೊಬ್ಬಳೇ ಹೋಗಿ ಬರ್ತೀನಿ" ಅಂದ್ಲು. ಎಷ್ಟೋ ವರ್ಷ ಆಗಿತ್ತು ಅಮ್ಮನ ಬಾಯಲ್ಲಿ "ನಾನೊಬ್ಬಳೇ ಹೋಗ್ತೀನಿ" ಅನ್ನೋದನ್ನ ಕೇಳಿ.

ಅಂಗಳದಲ್ಲಿ ಯಾವಾಗ್ಲೂ ಏನಾದ್ರೂ ನಡೀತಿರತ್ತೆ. ಬೆಳಿಗ್ಗೆ ಒಂದಷ್ಟು ಜನ ಹಾಡು ಹಾಕ್ಕೊಂಡು ಎಕ್ಸರ್‌ಸೈಜ್ ಮಾಡ್ತಾರೆ, ಹಬ್ಬದ ಸಮಯದಲ್ಲಿ ಸಣ್ಣ ಸಂತೆ ಥರ ಸ್ಟಾಲು ಹಾಕ್ತಾರೆ, ಸ್ಕೂಲು ಬಿಟ್ಟ ಮೇಲೆ ಮಕ್ಕಳು ಓಡಾಡ್ತಾರೆ, ವಯಸ್ಸಾದವರು ಪೇಪರ್ ಹಿಡ್ಕೊಂಡು ಗಂಟೆಗಟ್ಲೆ ಕೂತಿರ್ತಾರೆ, ಯಾರೂ ಎಬ್ಬಿಸಲ್ಲ, ಏನಾದ್ರೂ ಕೊಂಡ್ಕೊಳ್ಳಿ ಅಂತ ಯಾರೂ ಬರಲ್ಲ. ನಮ್ಮೂರಲ್ಲಿ ಅರಳಿಕಟ್ಟೆ ಮಾಡ್ತಿದ್ದ ಕೆಲಸನ ಇಲ್ಲಿ ಈ ಅಂಗಳ ಮಾಡ್ತಿದೆ ಅನ್ಸತ್ತೆ ನನಗೆ.

ಎಸ್ಕಲೇಟರ್ ಹತ್ತಿದ್ರೆ ಎರಡನೇ ಮಹಡಿಯಲ್ಲಿ ಹಾಕರ್ ಸೆಂಟರ್, ಸುಮಾರು 900 ಜನ ಕೂರಬಹುದು. ಹಾಕರ್ ಸೆಂಟರ್ ಅಂದ್ರೆ ಗೊತ್ತಿಲ್ಲದವರಿಗೆ: ಹಿಂದೆ ರಸ್ತೆ ಬದಿ ತಳ್ಳುಗಾಡೀಲಿ ಅಡುಗೆ ಮಾಡಿ ಮಾರ್ತಿದ್ದೋರನ್ನ ಸರ್ಕಾರ ನೀರು, ಚರಂಡಿ, ಕರೆಂಟು ಕೊಟ್ಟು ಒಂದು ಸೂರಿನ ಕೆಳಗೆ ತಂದಿದ್ದು, ಇವತ್ತಿಗೂ ಇಡೀ ಸಿಂಗಾಪುರದ ದಿನದ ಊಟ ನಡೆಯೋದು ಹೆಚ್ಚಾಗಿ ಇಂಥ ಕಡೆನೇ, 2020ರಲ್ಲಿ ಯುನೆಸ್ಕೋ ಕೂಡ ಈ ಸಂಸ್ಕೃತಿನ ತನ್ನ ಪಟ್ಟಿಗೆ ಸೇರಿಸ್ತು. ವಯಸ್ಸಾದವರ ವಿಷಯಕ್ಕೆ ಇದು ಯಾಕೆ ಮುಖ್ಯ ಅಂದ್ರೆ, ಒಬ್ಬರೇ ಇರೋರು ಒಬ್ಬರಿಗೋಸ್ಕರ ಅಡುಗೆ ಮಾಡಲ್ಲ. ನಮ್ಮಲ್ಲೂ ನೋಡಿ, ಮನೇಲಿ ಒಬ್ಬರೇ ಆದ ಮೇಲೆ ಬೆಳಿಗ್ಗೆ ಮಾಡಿದ ಸಾರನ್ನೇ ರಾತ್ರಿಗೂ ಬಿಸಿ ಮಾಡಿ, ಇಲ್ಲಾಂದ್ರೆ ಮೊಸರನ್ನ ಉಪ್ಪಿನಕಾಯಿ ತಿಂದು ಮಲಗಿಬಿಡ್ತಾರೆ, ಕೇಳಿದ್ರೆ "ಆಯ್ತು ಊಟ" ಅಂತಾರೆ. ಇಲ್ಲಿ ಲಿಫ್ಟ್‌ನಲ್ಲಿ ಕೆಳಗಿಳಿದ್ರೆ ಬಿಸಿ ಊಟ, ಜೊತೆಗೆ ಪಕ್ಕದ ಟೇಬಲ್ಲಲ್ಲಿ ಮುಖ ಪರಿಚಯದೋರು ಯಾರಾದ್ರೂ ಇದ್ದೇ ಇರ್ತಾರೆ. ಬೆಳಿಗ್ಗೆ ಹೊತ್ತು ಒಂದು ಕೋಪಿ (ಇಲ್ಲಿನ ಕಾಫಿ) ಹಿಡ್ಕೊಂಡು ನಾಲ್ಕೈದು ಅಂಕಲ್‌ಗಳು ಒಂದೇ ಟೇಬಲ್ಲಲ್ಲಿ ಕೂತು ಜೋರು ಜೋರಾಗಿ ಮಾತಾಡ್ತಿರೋದು ನೋಡಿದ್ರೆ ನನಗೆ ಗಾಂಧಿ ಬಜಾರಿನ ಹೋಟೆಲ್‌ಗಳ ಬೆಳಗಿನ ಹೊತ್ತೇ ಕಣ್ಮುಂದೆ ಬರತ್ತೆ. ಸಸ್ಯಾಹಾರಿಗಳಿಗೆ ಒಂದು ಮಾತು, ಸಿಂಗಾಪುರದ ಯಾವ ಹಾಕರ್ ಸೆಂಟರ್‌ಗೆ ಹೋದ್ರೂ ಚೈನೀಸ್ ವೆಜಿಟೇರಿಯನ್ ಸ್ಟಾಲು ಇದ್ರೆ ಅಲ್ಲಿ ಸೋಯಾದಲ್ಲಿ ಮಾಡಿದ ಮಾಂಸದ ಥರದ್ದೇ ಐಟಂ ಇರತ್ತೆ, ಅಮ್ಮಂಗೆ ನೋಡೋಕೇ ಆಗಲ್ಲ, ಹಾಗಾಗಿ ಅವಳದ್ದು ಕಾಯಾ ಟೋಸ್ಟೂ ಬೇಡ ಅಂತ (ತೆಂಗಿನ ಹಾಲಿನ ಸಿಹಿ ಜ್ಯಾಮ್ ಹಚ್ಚಿದ ಬ್ರೆಡ್ಡು, ಅದರಲ್ಲಿ ಮೊಟ್ಟೆ ಇರತ್ತೆ), ಬರೀ ಟೀ, ಹಣ್ಣು. ಊಟ ಮುಗಿಸಿ ತಟ್ಟೆ ನಾವೇ ತಗೊಂಡು ಹೋಗಿ ಇಡಬೇಕು, 2021ರಿಂದ ಅದು ಕಡ್ಡಾಯ.

ಅದರ ಮೇಲೆ 3 ಮತ್ತು 4ನೇ ಮಹಡಿಯಲ್ಲಿ ಅಡ್ಮಿರಾಲ್ಟಿ ಮೆಡಿಕಲ್ ಸೆಂಟರ್. ಇದು ಇಷೂನ್‌ನ ಖೂ ಟೆಕ್ ಪುವಾಟ್ ಆಸ್ಪತ್ರೆ ಗುಂಪಿಗೆ ಸೇರಿದ್ದು. ಬರೀ ಕ್ಲಿನಿಕ್ ಅಂದ್ಕೋಬೇಡಿ, ಸ್ಪೆಷಲಿಸ್ಟ್ ಡಾಕ್ಟ್ರು, ಸ್ಕ್ಯಾನು, ಫಿಸಿಯೋಥೆರಪಿ, ರಾತ್ರಿ ಉಳ್ಕೊಳ್ಳದೆ ಅದೇ ದಿನ ಮನೆಗೆ ಹೋಗೋಂಥ ಸಣ್ಣ ಆಪರೇಷನ್‌ಗಳು, ಎಂಡೋಸ್ಕೋಪಿ, ಎಲ್ಲ ಇದೆ. ಶುಗರ್ರು, ಕಣ್ಣು, ಮಂಡಿ ಅಂತ ವಯಸ್ಸಾದವರು ಆಸ್ಪತ್ರೆಗೆ ಅಲೆಯೋದೇ ಜಾಸ್ತಿ, ದೊಡ್ಡ ಆಸ್ಪತ್ರೆಗೆ ಹೋಗ್ಬೇಕಂದ್ರೆ ಮಗಳೋ ಮಗನೋ ಒಂದು ದಿನ ರಜ ಹಾಕ್ಬೇಕು, ಇಲ್ಲಿ ಹಾಗಲ್ಲ, ಲಿಫ್ಟಲ್ಲಿ ಇಳಿದು ತೋರಿಸ್ಕೊಂಡು ವಾಪಸ್ ಹೋಗ್ತಾರೆ. ಡಿಸೈನಲ್ಲಿ ಒಂದು ವಿಷಯ ನನಗೆ ತುಂಬ ಇಷ್ಟ ಆಯ್ತು, ಮೆಡಿಕಲ್ ಸೆಂಟರಿನ ಕಿಟಕಿಗಳಿಂದ ಕೆಳಗಿನ ಅಂಗಳನೂ ಕಾಣತ್ತೆ, ನಡುವಿನ ತೋಟದ ಬೆಳಕೂ ಒಳಗೆ ಬರತ್ತೆ, ಕಾಯ್ತಾ ಕೂತಿರೋರು ಟ್ಯೂಬ್‌ಲೈಟ್ ಕೆಳಗೆ ಗೋಡೆ ನೋಡ್ತಾ ಹೆದರ್ಕೊಂಡು ಕೂರೋ ಹಾಗಿಲ್ಲ, ಕೆಳಗೆ ಜನ ಕಾಫಿ ಕುಡೀತಿರೋದು, ಮಕ್ಕಳು ಆಡ್ತಿರೋದು ಕಾಣ್ತಾ ಇರತ್ತೆ.

ಇನ್ನೂ ಮೇಲೆ ಹೋದ್ರೆ ನನ್ನ ಪ್ರಕಾರ ಇಡೀ ಕಟ್ಟಡದ ಜೀವ ಇರೋ ಜಾಗ. ವಯಸ್ಸಾದವರು ಹಗಲು ಹೊತ್ತು ಬಂದು ಸೇರೋ, ವ್ಯಾಯಾಮ ಮಾಡೋ ಆಕ್ಟಿವ್ ಏಜಿಂಗ್ ಹಬ್ ಮತ್ತು ಪುಟ್ಟ ಮಕ್ಕಳ ಚೈಲ್ಡ್ ಕೇರ್, ಎರಡನ್ನೂ ಬೇಕಂತಲೇ ಹತ್ತಿರ ಹತ್ತಿರ ಇಟ್ಟಿದಾರೆ. ಇಬ್ಬರೂ ದಿನಾ ಒಂದೇ ಆಟದ ಜಾಗ, ಒಂದೇ ತೋಟದ ದಾರಿ ಬಳಸ್ತಾರೆ. ಅಜ್ಜ ಅಜ್ಜಿಯರನ್ನ ಮೊಮ್ಮಕ್ಕಳ ವಯಸ್ಸಿನ ಮಕ್ಕಳ ಜೊತೆ ಸೇರಿಸೋಕೆ ಇಲ್ಲಿ ಪ್ರೋಗ್ರಾಂ ಮಾಡೋ ಅವಶ್ಯಕತೆನೂ ಅಷ್ಟಿಲ್ಲ, ಬೆಳಿಗ್ಗೆ ಬಿಡೋಕೆ ಬರ್ತಾರೆ, ಸಂಜೆ ಕರ್ಕೊಂಡು ಹೋಗೋಕೆ ಬರ್ತಾರೆ, ಅಷ್ಟರಲ್ಲೇ ಪರಿಚಯ ಆಗತ್ತೆ. ಮೊಮ್ಮಗನ್ನ ಚೈಲ್ಡ್ ಕೇರಿಗೆ ಬಿಟ್ಟು ಅಲ್ಲೇ ಪಕ್ಕದಲ್ಲಿ ತಾವು ವ್ಯಾಯಾಮ ಮುಗಿಸ್ಕೊಂಡು ಕೆಳಗೆ ಮಾರ್ಕೆಟ್ ಮಾಡ್ಕೊಂಡು ಮನೆಗೆ ಹೋಗೋ ಅಜ್ಜಿಯರನ್ನ ನೋಡಿದೀನಿ, ಅವರ ಇಡೀ ಬೆಳಗು ಒಂದು ಲಿಫ್ಟಿನ ಅಳತೆಯಲ್ಲಿ ಮುಗಿಯತ್ತೆ.

ಮೇಲ್ಗಡೆ ಕಮ್ಯುನಿಟಿ ಫಾರ್ಮ್ ಇದೆ, ಸೊಂಟದೆತ್ತರದ ಮಡಿಗಳು, ಬಗ್ಗೋ ಹಾಗಿಲ್ಲ, ನಿಂತ್ಕೊಂಡೇ ಕಳೆ ಕೀಳಬಹುದು. ಅಲ್ಲಿ ಅಮ್ಮಂಗೆ ಒಬ್ಬ ತಮಿಳು ಆಂಟಿ ಪರಿಚಯ ಆದ್ರು, ಇದೇ ಬ್ಲಾಕಲ್ಲಿ ಇರೋರು, ಮಗಳ ಮನೆ ನಡ್ಕೊಂಡು ಹೋಗೋಷ್ಟು ಹತ್ರ. ಅಮ್ಮಂದು ಬೆಂಗಳೂರು ದಂಡಿನ ಕಡೆ ಕಲಿತ ತಮಿಳು, ಅವರದ್ದು ಸಿಂಗಾಪುರದ ತಮಿಳು, ಆದ್ರೂ ಕರಿಬೇವು ಯಾಕೆ ಚಿಗುರ್ತಿಲ್ಲ ಅನ್ನೋ ಬಗ್ಗೆ ಇಬ್ಬರೂ ಅರ್ಧ ಗಂಟೆ ಮಾತಾಡಿದಾರೆ, ಹುಳಿ ಮಜ್ಜಿಗೆ ಹಾಕಿ ಅಂತ ಅಮ್ಮ ಸಲಹೆ ಕೊಟ್ಟು ಬಂದಿದಾಳೆ. ಬಿದ್ದ ಮಳೆ ನೀರನ್ನ ಹಿಡಿದು ಸೋಸಿ ಗಿಡಗಳಿಗೇ ಬಿಡೋ ವ್ಯವಸ್ಥೆ ಇಡೀ ಕಟ್ಟಡದಲ್ಲಿದೆ, ಸೈಟು ಎಷ್ಟು ದೊಡ್ಡದೋ ಅದಕ್ಕಿಂತ ಜಾಸ್ತಿ ಹಸಿರನ್ನ ಮೇಲೆ ಬೆಳೆಸಿದಾರೆ.

ಮನೆಗಳ ಬಗ್ಗೆ ಸ್ವಲ್ಪ ವಿವರವಾಗೇ ಬರೀತೀನಿ ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ. ಎರಡು ಸೈಜು, 36 ಮತ್ತು 45 ಚದರ ಮೀಟರ್, ಅಂದ್ರೆ ಸುಮಾರು 390 ಮತ್ತು 480 ಚದರಡಿ. ಸಣ್ಣದೇ. ಇಬ್ಬರು ಇರಬಹುದು, ಮಕ್ಕಳು ಮೊಮ್ಮಕ್ಕಳು ಬಂದು ಉಳ್ಕೊಳ್ಳೋಕೆ ಜಾಗ ಸಾಲಲ್ಲ. ಒಳಗೆ ಬಾತ್‌ರೂಮಲ್ಲಿ ಹಿಡಿಕೆ, ಜಾರದ ಟೈಲ್ಸು, ತುರ್ತಿಗೆ ಎಳೆಯೋ ಹಗ್ಗ, ಎರಡು ಕಡೆಯಿಂದ ಗಾಳಿ ಬರೋ ಕಿಟಕಿ. ಹೊರಗಡೆ ಅಕ್ಕಪಕ್ಕದ ಮನೆಗಳ ಬಾಗಿಲ ಹತ್ರ ಇಬ್ಬರಿಗೂ ಸೇರಿದ ಒಂದು ಬೆಂಚು ಇಟ್ಟಿದಾರೆ, ಬಡ್ಡಿ ಬೆಂಚ್ (ಇಂಗ್ಲಿಷಿನ buddy, ಅಂದ್ರೆ ಗೆಳೆಯರ ಬೆಂಚು) ಅಂತಾರೆ. ಮನೆ ಬಾಗಿಲಲ್ಲಿ ಕೂತು ಹೋಗೋರು ಬರೋರನ್ನ ನೋಡೋ ನಮ್ಮ ಜಗಲಿ ಅಭ್ಯಾಸ ಯಾರಿಗಿದೆಯೋ ಅವರಿಗೆ ಇದರ ಬೆಲೆ ತಕ್ಷಣ ಗೊತ್ತಾಗತ್ತೆ. ಎದುರು ಮನೆ ಅಜ್ಜ ಇವತ್ತು ಬೆಂಚಿಗೆ ಬಂದಿಲ್ಲ ಅಂದ್ರೆ ಪಕ್ಕದ ಮನೆಯೋರು ಬಾಗಿಲು ತಟ್ಟಿ ನೋಡ್ತಾರೆ, ಯಾವ ಸೆನ್ಸರ್ರಿಗಿಂತಲೂ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಷರತ್ತುಗಳು ಇವೆ. ಇಲ್ಲಿನ ನಾಗರಿಕರಿಗೆ ಮಾತ್ರ, 55 ದಾಟಿರಬೇಕು. ಲೀಸು 30 ವರ್ಷದ್ದು, ಮಾಮೂಲಿ ಎಚ್‌ಡಿಬಿ ಫ್ಲ್ಯಾಟಿನ ಹಾಗೆ 99 ವರ್ಷ ಅಲ್ಲ, ಹೊರಗೆ ಮಾರೋ ಹಾಗಿಲ್ಲ, ಬೇಡ ಅಂದ್ರೆ ಬೋರ್ಡಿಗೇ ವಾಪಸ್. ಮೊದ್ಲು ಕೇಳಿದಾಗ ನಮ್ಮೋರಿಗೆ "ಅಯ್ಯೋ ಮಕ್ಕಳಿಗೆ ಬಿಟ್ಟು ಹೋಗೋಕೆ ಆಗಲ್ವಾ" ಅನ್ಸತ್ತೆ. ಆದ್ರೆ ಇದರ ಹಿಂದಿನ ಲೆಕ್ಕ ಬೇರೆ, ದೊಡ್ಡ ಫ್ಲ್ಯಾಟ್ ಮಾರಿ ಅದರ ದುಡ್ಡಲ್ಲಿ ಕಮ್ಮಿ ಬೆಲೆಗೆ ಇದನ್ನ ತಗೊಂಡ್ರೆ ಮಿಕ್ಕ ಹಣ ಕೈಯಲ್ಲಿ ಉಳಿಯತ್ತೆ, ಔಷಧಿಗೆ ಊಟಕ್ಕೆ ಮಕ್ಕಳ ಮುಂದೆ ಕೈ ಚಾಚೋ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಜನ ಎರಡು ಕೋಟಿ ಬಾಳೋ ಸೈಟಿನ ಮನೇಲಿ ಕೂತು ಪೆನ್ಷನ್ ಸಾಲದೆ ಫ್ಯಾನ್ ಆಫ್ ಮಾಡಿ ಮಲಗ್ತಾರೆ, ನನ್ನ ಸಂಬಂಧಿಕರಲ್ಲೇ ನೋಡಿದೀನಿ, ಹಾಗಾಗಿ ಈ ಲೆಕ್ಕನ ನಾನು ಒಪ್ತೀನಿ.

ಇದೆಲ್ಲ ಹೇಗೆ ಸಾಧ್ಯ ಆಯ್ತು ಅನ್ನೋದು ಫೋಟೋಗಳಲ್ಲಿ ಕಾಣಲ್ಲ, ಆದ್ರೆ ನನಗೆ ದೊಡ್ಡದು ಅನ್ಸೋದು ಅದೇ. ವಸತಿ ಬೋರ್ಡು, ಆರೋಗ್ಯ ಇಲಾಖೆ, ಹಾಕರ್ ಸೆಂಟರ್ ನೋಡ್ಕೊಳ್ಳೋ ಪರಿಸರ ಏಜೆನ್ಸಿ, ಸಾರಿಗೆಯವರು, ಪಾರ್ಕಿನವರು, ಚಿಕ್ಕ ಮಕ್ಕಳ ಶಿಕ್ಷಣದವರು, ಇಷ್ಟೂ ಜನ ಒಂದು ಸೈಟಿಗೆ ಒಟ್ಟಿಗೆ ಕೂತು ಪ್ಲ್ಯಾನ್ ಮಾಡಿದಾರೆ. ಇಲ್ಲಾಂದ್ರೆ ಏನಾಗ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು ತುಂಡು ಜಾಗ, ಒಬ್ಬೊಬ್ಬರದ್ದು ಒಂದೊಂದು ಕಾಂಪೌಂಡು, ಆಸ್ಪತ್ರೆ ಒಂದು ಕಡೆ, ಮನೆ ಇನ್ನೊಂದು ಕಡೆ, ನಡುವೆ ದೊಡ್ಡ ರೋಡು ದಾಟಬೇಕು. ಜೊತೆಗೆ ಇಲ್ಲಿ ಭೂಮಿ ಬಹುಪಾಲು ಸರ್ಕಾರದ್ದೇ, 1960ರಲ್ಲಿ ಎಚ್‌ಡಿಬಿ ಶುರುವಾದಾಗಿನಿಂದ ಒಂದೇ ಸಂಸ್ಥೆ ಊರುಗಳನ್ನ ಕಟ್ಕೊಂಡು ಬಂದಿದೆ, ಐದರಲ್ಲಿ ಸುಮಾರು ನಾಲ್ಕು ಪಾಲು ಜನ ಅದರ ಮನೆಗಳಲ್ಲೇ ಇದಾರೆ. ಸ್ಟೇಷನ್ ಪಕ್ಕದ ಬಂಗಾರದಂಥ ಜಾಗನ ಮಾಲ್‌ಗೆ ಕೊಟ್ಟಿದ್ರೆ ಎಷ್ಟು ಬಾಡಿಗೆ ಬರ್ತಿತ್ತು, ಅದನ್ನ ಬಿಟ್ಟು ವಯಸ್ಸಾದವರಿಗೆ ಕೊಟ್ಟಿದಾರೆ. 2030ರ ಹೊತ್ತಿಗೆ ಇಲ್ಲಿ ನಾಲ್ಕು ಜನ ನಾಗರಿಕರಲ್ಲಿ ಒಬ್ಬರು 65 ದಾಟಿರ್ತಾರೆ, ಹಾಗಾಗಿ ಅವರಿಗೂ ಇದು ಬರೀ ದಯೆ ತೋರಿಸೋ ವಿಷಯ ಆಗಿ ಉಳಿದಿಲ್ಲ.

ಈಗ ಕೊರತೆಗಳು. ಮೊದಲನೇದು, 104 ಮನೆ ಅಂದ್ರೆ ಏನೂ ಅಲ್ಲ. ಇಷ್ಟು ಹೆಸರಾದ ಮೇಲೆ ಇದೇ ಥರದ್ದು ಪ್ರತಿ ಟೌನಲ್ಲೂ ಬರಬೇಕಿತ್ತು, ತುಂಬ ನಿಧಾನ. ಯೂ ಟೀ ಸ್ಟೇಷನ್ ಹತ್ರ ಇದೇ ಮಾದರಿಯ ಇನ್ನೊಂದನ್ನ ಕೈಗೆತ್ತಿಕೊಂಡಿದಾರೆ. ಬುಕಿಟ್ ಬಾಟೋಕ್‌ನಲ್ಲಿ 2021ರಲ್ಲಿ ಬುಕಿಂಗ್‌ಗೆ ಬಿಟ್ಟ ಕಮ್ಯುನಿಟಿ ಕೇರ್ ಅಪಾರ್ಟ್‌ಮೆಂಟ್ ಅನ್ನೋದು ಬೇರೆ ಥರ, 65 ದಾಟಿದವರಿಗೆ, ಮನೆ ಜೊತೆಗೆ 24 ಗಂಟೆ ತುರ್ತು ಸಹಾಯ, ಆರೋಗ್ಯ ತಪಾಸಣೆ, ಸಣ್ಣ ಪುಟ್ಟ ರಿಪೇರಿ ಇರೋ ಸರ್ವಿಸ್ ಪ್ಯಾಕೇಜನ್ನ ತಗೊಳ್ಳಲೇಬೇಕು. ಕಾಂಪುಂಗ್ ಅಡ್ಮಿರಾಲ್ಟಿಯಲ್ಲಿ ಆ ಥರ ಮನೆ ಜೊತೆ ಕಟ್ಟಿಕೊಟ್ಟ ಆರೈಕೆ ಇಲ್ಲ, ತಾವೇ ಓಡಾಡ್ಕೊಂಡು ಇರೋರಿಗೆ ಇದು ಸರಿ, ಹಾಸಿಗೆ ಹಿಡಿದ ಮೇಲೆ ಬೇರೆ ದಾರಿ ನೋಡ್ಬೇಕು. ಇದನ್ನ ಮೊದಲೇ ತಿಳ್ಕೊಂಡಿರೋದು ಒಳ್ಳೇದು.

ಎರಡನೇದು ಇನ್ನೂ ಗಂಭೀರ. ಹೊಸದಾಗಿ ಕಟ್ಟೋದು ಸುಲಭ, ಹಳೇ ಬಡಾವಣೆ ಒಡೆದು ಕಟ್ಟುವಾಗ ಅಲ್ಲಿ ನಲವತ್ತು ಐವತ್ತು ವರ್ಷ ಇದ್ದ ಮುದುಕರನ್ನ ಏನು ಮಾಡ್ತೀರಿ ಅನ್ನೋದೇ ನಿಜವಾದ ಪರೀಕ್ಷೆ. 1995ರಲ್ಲಿ ಇಲ್ಲಿ ಸರ್ಸ್ ಅನ್ನೋ ಸ್ಕೀಮ್ ಶುರುವಾಯ್ತು, ಆಯ್ದ ಹಳೇ ಬ್ಲಾಕುಗಳನ್ನ ಸರ್ಕಾರ ವಾಪಸ್ ತಗೊಂಡು ಪರಿಹಾರ ಕೊಟ್ಟು ಹತ್ತಿರದಲ್ಲೇ ಹೊಸ ಫ್ಲ್ಯಾಟ್ ಕೊಡೋದು. 2014ರಲ್ಲಿ ಟ್ಯಾಂಗ್ಲಿನ್ ಹಾಲ್ಟ್‌ನ 31 ಬ್ಲಾಕು, 3,480 ಮನೆ ಹೀಗೆ ಹೋದ್ವು, ಅಲ್ಲಿ ಹೆಚ್ಚಿನೋರು ವಯಸ್ಸಾದವರು, ಹತ್ತಿರದ ಡಾಸನ್‌ನಲ್ಲಿ ಒಟ್ಟೊಟ್ಟಿಗೆ ಮನೆ ಸಿಕ್ಕಿದ್ದು ಒಳ್ಳೇದೇ, ಆದ್ರೆ ಕೆಳಗಿನ ಅಂಗಡಿ, ಹೋಟೆಲ್ಲು, ಆ ಗುಂಪು ಚದುರಿ ಹೋಯ್ತು. 2022ರಲ್ಲಿ ಅಂಗ್ ಮೋ ಕಿಯೋ ಅವೆನ್ಯೂ 3ರ ನಾಲ್ಕು ಬ್ಲಾಕುಗಳಿಗೆ ಇದೇ ಸ್ಕೀಮ್ ಬಂದಾಗ ಗಲಾಟೆನೇ ಆಯ್ತು, ಯಾಕಂದ್ರೆ ಹಳೇ ಮನೆಗೆ ಸಿಗೋ ಪರಿಹಾರದಲ್ಲಿ ಹೊಸ 99 ವರ್ಷದ ಲೀಸಿನ ಮನೆ ತಗೊಳ್ಳೋಕೆ ಕೈಯಿಂದ ದುಡ್ಡು ಹಾಕ್ಬೇಕಾಗಿತ್ತು, ಎಪ್ಪತ್ತು ವಯಸ್ಸಲ್ಲಿ ಎಲ್ಲಿಂದ ತರ್ತಾರೆ? ಜನ ಜೋರಾಗಿ ಕೇಳಿದ ಮೇಲೆ ಕೆಲವೇ ತಿಂಗಳಲ್ಲಿ 50 ವರ್ಷದ ಲೀಸಿನ ಆಯ್ಕೆ ತಂದ್ರು. ಸರಿ ಮಾಡಿದ್ರು ಅನ್ನೋದಕ್ಕೆ ಮೆಚ್ಕೋತೀನಿ, ಮೊದಲೇ ಕೇಳ್ಬೇಕಿತ್ತು ಅನ್ನೋದನ್ನೂ ಹೇಳ್ತೀನಿ. ಕಾಂಪುಂಗ್ ಅಡ್ಮಿರಾಲ್ಟಿಯ ಅಂದ ನೋಡಿ ಸಿಂಗಾಪುರದಲ್ಲಿ ಎಲ್ಲ ಮುದುಕರೂ ಹೀಗೇ ಸುಖವಾಗಿದಾರೆ ಅಂತ ತಿಳ್ಕೊಂಡು ಹೋದ್ರೆ ಅದು ತಪ್ಪಾಗತ್ತೆ, ಹಾಕರ್ ಸೆಂಟರ್‌ಗಳಲ್ಲಿ ಟೇಬಲ್ ಒರೆಸೋ ಎಪ್ಪತ್ತು ವರ್ಷದೋರೂ ಇದೇ ಊರಲ್ಲಿದಾರೆ.

ಆದ್ರೆ ಹಳೇ ಏರಿಯಾಗಳನ್ನ ಒಡೆಯದೇನೇ ಸರಿ ಮಾಡಿರೋದೂ ಬೇಕಾದಷ್ಟಿದೆ, ಅದನ್ನ ಅಮ್ಮನ ಜೊತೆ ನಡೆದಾಡುವಾಗಲೇ ನಾನು ಸರಿಯಾಗಿ ಗಮನಿಸಿದ್ದು. ಹಳೇ ಬ್ಲಾಕುಗಳಲ್ಲಿ ಲಿಫ್ಟ್ ಎಲ್ಲ ಮಹಡಿಗೂ ನಿಲ್ತಿರಲಿಲ್ಲ, 2001ರಿಂದ ಒಂದೊಂದೇ ಬ್ಲಾಕಿಗೆ ಹೊಸ ಲಿಫ್ಟ್ ಹಾಕ್ತಾ ಬಂದ್ರು. 2012ರಿಂದ ಮನೆ ಒಳಗೆ ಹಿಡಿಕೆ, ರ್‍ಯಾಂಪು, ಜಾರದ ನೆಲ ಹಾಕಿಸ್ಕೊಳ್ಳೋಕೆ ದೊಡ್ಡ ಸಬ್ಸಿಡಿ ಇದೆ. ಸಿಗ್ನಲ್ಲಲ್ಲಿ ಸೀನಿಯರ್ ಕಾರ್ಡ್ ತಟ್ಟಿದ್ರೆ ರಸ್ತೆ ದಾಟೋಕೆ ಹಸಿರು ದೀಪ ಕೆಲವು ಸೆಕೆಂಡ್ ಹೆಚ್ಚು ಉರಿಯತ್ತೆ, ಇದು 2009ರಿಂದಲೇ ಇದೆ. ವಿಸಿಟ್ ಪಾಸಲ್ಲಿ ಬಂದಿರೋ ಅಮ್ಮನ ಹತ್ರ ಆ ಕಾರ್ಡ್ ಇಲ್ಲ, ಪಕ್ಕದಲ್ಲಿ ನಿಂತಿರೋ ಯಾರಾದ್ರೂ ಅಜ್ಜಿ ತಟ್ಟಿದ್ರೆ "ಬಾರೇ ಬೇಗ, ಇವರ ಜೊತೆನೇ ದಾಟೋಣ" ಅಂತಾಳೆ.

ಈಗ ನಮ್ಮೂರಿನ ಮಾತು, ಇದನ್ನ ಹೇಳದೆ ಈ ರಿವ್ಯೂ ಮುಗಿಸೋಕೆ ನನಗೆ ಮನಸ್ಸಿಲ್ಲ. ಬೆಂಗಳೂರಲ್ಲಿ ಸೀನಿಯರ್ ಲಿವಿಂಗ್ ಅಂತ ಈಗ ತುಂಬ ಪ್ರಾಜೆಕ್ಟ್ ಬರ್ತಿವೆ. ಅಮ್ಮನ್ನ ಕರ್ಕೊಂಡು ಒಂದು ನೋಡೋಕೂ ಹೋಗಿದ್ವಿ, ಹೆಸರು ಬೇಡ, ಊರ ಹೊರಗೆ. ಕ್ಲಬ್ ಹೌಸು, ಯೋಗ ಹಾಲು, ದೇವಸ್ಥಾನ, ಊಟದ ಮನೆ, ನರ್ಸು, ಎಲ್ಲ ಚೆನ್ನಾಗೇ ಇತ್ತು, ತೋರಿಸಿದ ಹುಡುಗನೂ ತಾಳ್ಮೆಯಿಂದ ತೋರಿಸಿದ. ಆದ್ರೆ ಗೇಟಿನ ಹೊರಗೆ ಹೈವೇ, ನಡ್ಕೊಂಡು ಹೋಗೋಕೆ ಒಂದು ಹೂವಿನ ಅಂಗಡಿ ಇಲ್ಲ, ಬಸ್ ಸ್ಟಾಪು ದೂರ, ಅಮ್ಮ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಲ್ಲಿ ಅಕ್ಕನ ಮನೆಗೆ ಓಡಾಡ್ಕೊಂಡಿದ್ದೋಳು, ಅಲ್ಲಿ ಹೋದ್ರೆ ಕ್ಯಾಬ್ ಬುಕ್ ಮಾಡೋಕೂ ಯಾರನ್ನಾದ್ರೂ ಕೇಳ್ಬೇಕು. ಒಳಗೆ ಎಲ್ಲೆಲ್ಲೂ ವಯಸ್ಸಾದವರೇ. ವಾಪಸ್ ಬರುವಾಗ ಕಾರಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು, "ಮಕ್ಕಳ ಗಲಾಟೆನೇ ಇಲ್ವಲ್ಲೇ ಅಲ್ಲಿ". ಜಮೀನು ಅಗ್ಗಕ್ಕೆ ಸಿಗೋದು ಊರ ಹೊರಗೆ, ಪ್ರೈವೇಟ್‌ನವರು ಅಲ್ಲೇ ಕಟ್ತಾರೆ, ಅದರಲ್ಲಿ ಅವರ ತಪ್ಪು ಅಂತ ನಾನು ಹೇಳಲ್ಲ. 2019ರಲ್ಲಿ ಕೇಂದ್ರದ ವಸತಿ ಇಲಾಖೆ ರಿಟೈರ್‌ಮೆಂಟ್ ಹೋಮ್‌ಗಳಿಗೆ ಮಾದರಿ ಗೈಡ್‌ಲೈನ್ ಅಂತ ಹೊರಡಿಸಿತು, ಒಳ್ಳೇ ವಿಷಯ, ಆದ್ರೆ ಮನೆ ಊರಿನ ಯಾವ ಜಾಗದಲ್ಲಿ ಇರಬೇಕು ಅನ್ನೋದು ನಗರ ಪ್ಲ್ಯಾನ್ ಮಾಡೋರ ಕೈಯಲ್ಲಿರೋದು.

ಜಾಗ ಇಲ್ಲ ಅಂತಾರೆ. ಇದೆ ಕಣ್ರೀ. ಬನಶಂಕರಿ ಬಸ್ ಸ್ಟ್ಯಾಂಡ್ ನೋಡಿ. ಬಿಎಂಟಿಸಿಯದ್ದು, ಬಸ್ ಸ್ಟ್ಯಾಂಡ್ ಮೇಲೆ ಆಫೀಸು ಅಂಗಡಿ ಇರೋ ಟಿಟಿಎಂಸಿ ಅಂತ, ಜೆನರ್ಮ್ ಅನ್ನೋ ಕೇಂದ್ರದ ನಗರಾಭಿವೃದ್ಧಿ ಯೋಜನೆ ದುಡ್ಡಲ್ಲಿ ಕಟ್ಟಿದ ಕಟ್ಟಡಗಳಲ್ಲೊಂದು, 2017ರಿಂದ ಪಕ್ಕದಲ್ಲೇ ಮೆಟ್ರೋ, ದೇವಸ್ಥಾನ ಹತ್ರ, ಮಾರ್ಕೆಟ್ ಹತ್ರ. ಜಯನಗರ, ವಿಜಯನಗರ, ಶಾಂತಿನಗರ, ಯಶವಂತಪುರ, ಇಲ್ಲೆಲ್ಲ ಇದೇ ಥರದ ಟಿಟಿಎಂಸಿಗಳಿವೆ, ಸರ್ಕಾರದ್ದೇ ಜಾಗ, ಕೆಳಗೆ ಬಸ್ಸು, ಮೇಲಿನ ಮಹಡಿಗಳನ್ನ ಆಫೀಸಿಗೆ, ಅಂಗಡಿಗೆ ಬಾಡಿಗೆಗೆ ಕೊಡೋ ಲೆಕ್ಕದಲ್ಲಿ ಕಟ್ಟಿದ್ದು. ಅಂಥ ಒಂದು ಕಡೆ, ಮುಂದೆ ಯಾವತ್ತಾದ್ರೂ ಒಡೆದು ಕಟ್ಟೋ ಹೊತ್ತಿಗೆ, ಬಸ್ಸಿನ ಹೊಗೆ ಸದ್ದಿಂದ ದೂರ ಇಟ್ಟು ಮೇಲೆ ನೂರು ಸಣ್ಣ ಮನೆ, ಒಂದು ಮಹಡಿ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ, ಒಂದು ಅಂಗನವಾಡಿ, ಕೆಳಗೆ ಒಂದು ದರ್ಶಿನಿ, ಯಾಕಾಗಬಾರದು? ಬಿಎಂಟಿಸಿ, ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಇಲಾಖೆ, ಮೆಟ್ರೋ ಒಂದು ಟೇಬಲ್ಲಿಗೆ ಬರಬೇಕು, ಕಷ್ಟದ ಕೆಲಸ ಅದು, ಗೊತ್ತು. ಆದ್ರೆ ಹೊಸ ಮಾಸ್ಟರ್ ಪ್ಲ್ಯಾನ್ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ನಾವೆಲ್ಲ ರೋಡು ಫ್ಲೈಓವರ್ ಬಗ್ಗೆನೇ ಬರೀತೀವಲ್ಲ, ಅದರ ಜೊತೆ ಇದನ್ನೂ ಒಂದು ಸಾಲು ಬರೆದು ಕಳಿಸಿ ಅಂತ ಕೇಳ್ಕೋತೀನಿ.

ರೇಟಿಂಗ್ ಕೊಡು ಅಂದ್ರೆ, ಓಡಾಡೋ ಅನುಕೂಲಕ್ಕೆ, ಅಂಗಳಕ್ಕೆ, ಮಕ್ಕಳು ಮುದುಕರನ್ನ ಒಂದೇ ಕಡೆ ತಂದಿದ್ದಕ್ಕೆ 5ಕ್ಕೆ 5. ಮನೆಗಳ ಸಂಖ್ಯೆಗೆ 2, ಅದಕ್ಕಿಂತ ಜಾಸ್ತಿ ಕೊಡೋಕೆ ಆಗಲ್ಲ. ಒಟ್ಟು 4.

ಹೋಗೋರಿಗೆ: ಕೆಂಪು ಲೈನಲ್ಲಿ ಅಡ್ಮಿರಾಲ್ಟಿಗೆ ಇಳೀರಿ, ವುಡ್‌ಲ್ಯಾಂಡ್ಸ್‌ಗೆ ಒಂದು ಸ್ಟಾಪ್ ಮೊದಲು ಅಥವಾ ನಂತರ, ನೀವು ಬರೋ ಕಡೆ ಮೇಲೆ. ವಾರದ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಹೋದ್ರೆ ಚೆನ್ನ, ಭಾನುವಾರ ಊಟದ ಹೊತ್ತಲ್ಲಿ ವಯಸ್ಸಾದವರನ್ನ ಕರ್ಕೊಂಡು ಹೋಗ್ಬೇಡಿ, ಕೂರೋಕೆ ಜಾಗ ಹುಡುಕೋದು ಕಷ್ಟ. ಅಂಗಳ, ಹಾಕರ್ ಸೆಂಟರ್, ಮೇಲಿನ ಪಾರ್ಕು ಎಲ್ಲರಿಗೂ ತೆರೆದಿದೆ, ಮನೆಗಳಿರೋ ಕಾರಿಡಾರಿಗೆ ಫೋಟೋ ತೆಗೆಯೋಕೆ ನುಗ್ಗಬೇಡಿ, ಅದು ಅವರ ಮನೆ. ಚೈಲ್ಡ್ ಕೇರ್ ಮಕ್ಕಳ ಫೋಟೋನೂ ಬೇಡ. ಅಪ್ಪ ಅಮ್ಮಂಗೆ ಡಾಕ್ಟ್ರ ಅವಶ್ಯಕತೆ ಬಿದ್ರೆ ಸರ್ಕಾರಿ ಸಬ್ಸಿಡಿ ನಾಗರಿಕರಿಗೆ ಮತ್ತು ಪಿಆರ್‌ಗಳಿಗೆ (ಖಾಯಂ ನಿವಾಸಿಗಳಿಗೆ) ಮಾತ್ರ, ವಿಸಿಟರ್ಸ್‌ಗೆ ಪೂರ್ತಿ ಚಾರ್ಜು, ಹಾಗಾಗಿ ಊರಿಂದ ಹೊರಡೋ ಮೊದಲೇ ಒಳ್ಳೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ಮಾತ್ರೆಗಳನ್ನ ಚೀಟಿ ಸಮೇತ ತನ್ನಿ. ಸೂಪರ್ ಮಾರ್ಕೆಟ್ಟಲ್ಲಿ ಮೊಸರು ಸಿಗತ್ತೆ.